ರೋಬಾಟಿಗೆ ಜಗ್ಲಿಂಗ್ ಕಲಿಸುವ ಬಗೆ

ಜಗ್ಲಿಂಗ್‌ನಲ್ಲಿ ಚೆಂಡು ಕೈಯ ಹಿಡಿತದಲ್ಲಿರುವುದು ಅಂಗೈಯಲ್ಲಿದ್ದಷ್ಟು ಹೊತ್ತು ಮಾತ್ರ. ಅದು ಎಷ್ಟೆತ್ತರ ಏರಿ ಎಲ್ಲಿ ಬೀಳುತ್ತದೆ ಎಂಬುದನ್ನು ಕೈಬಿಟ್ಟ ಕ್ಷಣದ ವೇಗ ಮತ್ತು ದಿಕ್ಕು ಆಗಲೇ ತೀರ್ಮಾನಿಸಿರುತ್ತವೆ. ಒಂದು ಮೀಟರ್ ಮೇಲಕ್ಕೆಸೆದ ಚೆಂಡು ಸುಮಾರು 0.9 ಸೆಕೆಂಡಿನಲ್ಲಿ ಮರಳುತ್ತದೆ. ಎಸೆತ ಒಂದೇ ಒಂದು ಡಿಗ್ರಿ ವಾಲಿದರೂ ಬೀಳುವ ಜಾಗ 7 ಸೆಂಟಿಮೀಟರ್ ಸರಿಯುತ್ತದೆ. ಹೆಚ್ಚುಕಡಿಮೆ ಚೆಂಡಿನ ಅಗಲದಷ್ಟು. ಮುಂದಿನ ಎಸೆತ ಈ ತಪ್ಪಿನಿಂದಲೇ ಶುರುವಾಗಬೇಕು. ಹೀಗೆ ತಪ್ಪಿನ ಮೇಲೆ ತಪ್ಪು ಸೇರಿ ಕೆಲವೇ ಸುತ್ತುಗಳಲ್ಲಿ ಆಟ ಕೆಡುತ್ತದೆ. ಆದ್ದರಿಂದ ರೋಬಾಟಿಗೆ ಜಗ್ಲಿಂಗ್ ಕಲಿಸುವ ಕೆಲಸದಲ್ಲಿ ಎಸೆಯುವುದಕ್ಕಿಂತ ದೊಡ್ಡ ಪ್ರಶ್ನೆ, ತಪ್ಪು ಬೆಳೆಯದಂತೆ ತಡೆಯುವುದು.

ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶ್ಯಾನನ್ 1970ರ ದಶಕದಲ್ಲಿ ಮಕ್ಕಳು ಜೋಡಿಸಿ ಆಡುವ ಲೋಹದ ಪಟ್ಟಿಗಳಿಂದಲೇ ಒಂದು ಜಗ್ಲಿಂಗ್ ಯಂತ್ರ ಕಟ್ಟಿದರು. ಅದು ಮೂರು ಉಕ್ಕಿನ ಗುಂಡುಗಳನ್ನು ಮೇಲಕ್ಕೆಸೆಯದೆ, ಬಿಗಿಯಾದ ಡ್ರಮ್ಮಿನ ಮೇಲೆ ಪುಟಿಸುತ್ತಿತ್ತು. ಪುಟಿದ ಗುಂಡನ್ನು ಅದು ಹಿಡಿಯುತ್ತಿದ್ದುದು ಏರಿಕೆಯ ತುದಿಯಲ್ಲಿ, ವೇಗ ತೀರಾ ಕಡಿಮೆಯಾದಾಗ. ಅಂಗೈಯ ಬದಲು ಪುಟ್ಟ ತೋಡಿದ ಹಳಿಗಳಿದ್ದವು. ಗುಂಡು ಹಳಿಯ ಮೇಲೆ ತುಸು ಆಚೀಚೆ ಬಿದ್ದರೂ ಉರುಳಿ ಅದರ ಕೊನೆ ಸೇರಿ, ಪ್ರತಿಸಲವೂ ಅದೇ ಜಾಗದಿಂದ ಹೊರಡುತ್ತಿತ್ತು. ತಪ್ಪನ್ನು ಅಳೆಯದೆಯೇ ಅಳಿಸುವ ಈ ಉಪಾಯ ಬಹಳ ಜಾಣತನದ್ದು.

1980ರ ದಶಕದ ಕೊನೆಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಬ್ಯೂಲರ್ ಮತ್ತು ಡೇನಿಯಲ್ ಕೊಡಿಚೆಕ್ ಬೇರೆ ದಾರಿ ಹಿಡಿದರು. ಇಳಿಜಾರು ಹಲಗೆಯ ಮೇಲೆ ಜಾರಿ ಬರುವ ಬಿಲ್ಲೆಯನ್ನು ಸಂವೇದಕಗಳು ಗಮನಿಸುತ್ತಿದ್ದವು. ಬಿಲ್ಲೆ ಇಳಿದಂತೆ, ಅದರ ಪ್ರತಿಬಿಂಬವೋ ಎಂಬಂತೆ ರೋಬಾಟಿನ ತೋಳು ಏರಿ ಅದನ್ನು ಹೊಡೆಯುತ್ತಿತ್ತು.

ಗಮನಿಸುವುದೇ ಬೇಡ ಎಂಬುದು 1993ರಲ್ಲಿ ಸ್ಟೆಫಾನ್ ಶಾಲ್ ಮತ್ತು ಕ್ರಿಸ್ ಆಟ್ಕೆಸನ್ ತೋರಿಸಿದ ಸಂಗತಿ. ಒಂದು ಬ್ಯಾಟು ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತ ಚೆಂಡನ್ನು ಪುಟಿಸುತ್ತಿದೆ. ಬ್ಯಾಟು ಮೇಲೇರುತ್ತಲೇ ವೇಗ ಕಳೆದುಕೊಳ್ಳುತ್ತಿರುವಾಗ ಚೆಂಡು ತಾಗಬೇಕು, ಗುಟ್ಟು ಇಷ್ಟೇ. ಪೆಟ್ಟು ಒಮ್ಮೆ ತುಸು ಜೋರಾಯಿತೆನ್ನಿ. ಚೆಂಡು ಹೆಚ್ಚು ಎತ್ತರಕ್ಕೆ ಹೋಗಿ ತಡವಾಗಿ ಬರುತ್ತದೆ. ಅಷ್ಟರಲ್ಲಿ ಬ್ಯಾಟಿನ ವೇಗ ಇನ್ನಷ್ಟು ತಗ್ಗಿರುವುದರಿಂದ ಮುಂದಿನ ಪೆಟ್ಟು ಮೆತ್ತಗಾಗುತ್ತದೆ. ಪೆಟ್ಟು ಮೆತ್ತಗಾದರೆ ಚೆಂಡು ಬೇಗ ಮರಳುತ್ತದೆ. ಆಗ ಬ್ಯಾಟಿನಲ್ಲಿ ವೇಗ ಉಳಿದಿರುವುದರಿಂದ ಹೊಡೆತ ಜೋರಾಗುತ್ತದೆ. ವೇಗ ತಗ್ಗುವ ದರ ಒಂದು ಮಿತಿಯೊಳಗಿದ್ದರೆ ಎತ್ತರ ತಾನಾಗಿಯೇ ಹದಕ್ಕೆ ಬರುತ್ತದೆ. ರ‍್ಯಾಕೆಟ್ ಮೇಲೆ ಚೆಂಡು ಪುಟಿಸುವುದರಲ್ಲಿ ಪಳಗಿದ ಮನುಷ್ಯರೂ ಹೀಗೆಯೇ, ಕೈಯ ವೇಗ ಇಳಿಯುವಾಗಲೇ ಹೊಡೆಯುತ್ತಾರೆಂದು ಮುಂದಿನ ಪ್ರಯೋಗಗಳು ತೋರಿಸಿದವು.

ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಫಿಲಿಪ್ ರೈಸ್ಟ್ ಮತ್ತು ರಫಾಯೆಲ್ಲೊ ಡಿ'ಆಂಡ್ರಿಯಾ 2009ರಲ್ಲಿ ಪ್ರಕಟಿಸಿದ 'ಕುರುಡು ಜಗ್ಲರ್' ಈ ತತ್ತ್ವಕ್ಕೆ ಇನ್ನೊಂದನ್ನು ಸೇರಿಸಿತು. ಅದರ ಅಲ್ಯೂಮಿನಿಯಂ ತಟ್ಟೆ ಕಣ್ಣಿಗೆ ಸಪಾಟಾಗಿ ಕಂಡರೂ ನಡುವೆ ತುಸು ತಗ್ಗು. ಚೆಂಡು ಅಂಚಿನ ಕಡೆ ಬಿದ್ದರೆ ಅಲ್ಲಿನ ಓರೆಯೇ ಅದನ್ನು ನಡುವಿಗೆ ತಳ್ಳುತ್ತದೆ. ಕ್ಯಾಮೆರಾ ಇಲ್ಲ, ಚೆಂಡನ್ನು ಅರಿಯುವ ಸಂವೇದಕವೂ ಇಲ್ಲ.

ಹಿಡಿದು ಎಸೆಯುವ ಆಟದಲ್ಲಿ ಹೀಗೆ ತಪ್ಪು ಬೆಳೆಯಲು ಬಿಡದ ಚಲನೆಯನ್ನು ಲೆಕ್ಕದಿಂದಲೇ ಪಡೆಯುವುದು ಕಷ್ಟ. 2020ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಯಾನ್ ಪೀಟರ್ಸ್ ತಂಡ ಅದನ್ನು ರೋಬಾಟೇ ಕಲಿಯುವಂತೆ ಮಾಡಿತು. ಒಂದೇ ತೋಳು, ಎರಡು ಚೆಂಡು, ಲಾಳಿಕೆಯ ಆಕಾರದ ಕೈ. ತೋಳು ಹಾದುಹೋಗಬೇಕಾದ ಕೆಲವು ಬಿಂದುಗಳನ್ನು ಸಂಶೋಧಕರು ಮೊದಲು ಅಂದಾಜಿನಲ್ಲಿ ಗುರುತಿಸಿದರು. ಆಮೇಲೆ ಪ್ರತಿ ಪ್ರಯತ್ನಕ್ಕೂ ರೋಬಾಟಿಗೆ ಸಿಗುತ್ತಿದ್ದುದು ಒಂದೇ ಸುಳಿವು: ಗೆದ್ದಿತೋ ಸೋತಿತೋ. ಗೆದ್ದ ಚಲನೆಗಳ ಕಡೆಗೆ ಬಿಂದುಗಳನ್ನು ಸರಿಸುತ್ತ ಸರಿಸುತ್ತ, ಒಟ್ಟು 56 ನಿಮಿಷಗಳ ಅಭ್ಯಾಸದಲ್ಲಿ ಅದು ಆಟ ಕಲಿಯಿತು. ಕೊನೆಗೆ 33 ನಿಮಿಷದವರೆಗೆ, ಸುಮಾರು 4500 ಬಾರಿ, ಚೆಂಡು ಬಿಡದೆ ಹಿಡಿಯಿತು. ಇಲ್ಲಿಯೂ ಸಣ್ಣ ತಪ್ಪುಗಳನ್ನು ಲಾಳಿಕೆಯ ಗೋಡೆಗಳೇ ಸರಿಪಡಿಸುತ್ತವೆ. ಲಾಳಿಕೆಯ ಬಾಯಿಯಾಚೆ ಬೀಳುವ ಚೆಂಡಿನತ್ತ ಕೈಚಾಚಬೇಕಾದರೆ ಮಾತ್ರ ರೋಬಾಟಿಗೆ ಕಣ್ಣು ಬೇಕು.