ಬಾಯಿಂದ ಅಚ್ಚಿಗೆ: ಕನ್ನಡ ನಾಟಕಕೃತಿಗಳ ಪ್ರಕಟಣೆ ಮತ್ತು ಒಡೆತನದ ಪ್ರಶ್ನೆ

ನಾಟಕವು ಪುಸ್ತಕವಾಗುವ ಪ್ರಕ್ರಿಯೆಯನ್ನು ನಮ್ಮ ಸಾಹಿತ್ಯಚರಿತ್ರೆಗಳು ಸಹಜವೆಂಬಂತೆ ದಾಖಲಿಸುತ್ತ ಬಂದಿವೆ. ಕೃತಿಯ ಹೆಸರು, ಕರ್ತೃವಿನ ಹೆಸರು, ಪ್ರಕಟವಾದ ವರ್ಷ ಇವಿಷ್ಟು ಸಿಕ್ಕರೆ ಚರಿತ್ರಕಾರನ ಕೆಲಸ ಮುಗಿಯುತ್ತದೆ. ಆದರೆ ಜಾನಪದ ಅಧ್ಯಯನದ ನೆಲೆಯಿಂದ ನೋಡುವವರಿಗೆ ಈ ಮೂರೂ ವಿವರಗಳು ಸಮಸ್ಯಾತ್ಮಕವಾಗಿಯೇ ಕಾಣುತ್ತವೆ. ಆಡುತ್ತ ಬಂದುದು ಅಚ್ಚಾದಾಗ ಅದರ ಯಾವ ಅವಸ್ಥೆ ಅಚ್ಚಾಯಿತು? ಯಾರ ಹೆಸರಿನಲ್ಲಿ ಅಚ್ಚಾಯಿತು? ಅಚ್ಚಾದ ಮೇಲೆ ಅದನ್ನು ಆಡುತ್ತ ಬಂದವರ ಗತಿಯೇನು? ಸಮಕಾಲೀನ ಕನ್ನಡ ನಾಟಕರಚನೆಯು ಜನಪದ ರಂಗಭೂಮಿಯಿಂದ ಪಡೆದ ಋಣವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆ ಋಣವು ಮುದ್ರಣದ ಮೂಲಕ ಯಾವ ರೂಪ ತಾಳಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2007ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸಣ್ಣಾಟಗಳ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ ಹಿರಿಯ ಮಾಸ್ತರರೊಬ್ಬರ ಮನೆಯಲ್ಲಿ ಅರಿವೆಯಲ್ಲಿ ಸುತ್ತಿಟ್ಟ ಒಂದು ಹಳೆಯ ನೋಟ್‌ಬುಕ್ಕನ್ನು ಕಂಡೆ. ಅವರು ಆಟ ಕಲಿಸುತ್ತಿದ್ದುದು ಅದರಿಂದಲೇ. ಪ್ರತಿ ಮಾಡಿಕೊಳ್ಳಲು ಅನುಮತಿ ಕೇಳಿದಾಗ ಅವರು ನಕ್ಕು, 'ನೀವು ಬುಕ್ಕ ಮಾಡಿಸಿದ್ರ ನನ್ನನ್ನ ಯಾರ ಕರಸ್ತಾರ್ರೀ, ಸರ?' ಎಂದು ಕೇಳಿದರು. ಊರೂರಿಗೆ ಹೋಗಿ ತಿಂಗಳುಗಟ್ಟಲೆ ತಾಲೀಮು ಮಾಡಿಸುವ ಮಾಸ್ತರನಿಗೆ ಆ ನೋಟ್‌ಬುಕ್ಕು ಹೊಲವಿದ್ದಂತೆ. ಸಂಶೋಧಕನಾಗಿ ನಾನು ಅದನ್ನು ಅಳಿವಿನಂಚಿನ ಪಠ್ಯವೆಂದು ಭಾವಿಸಿದ್ದೆ. ಅವರಿಗಾದರೋ ಅದು ನಡೆಯುತ್ತಿರುವ ಬದುಕಾಗಿತ್ತು. ನಾವು 'ಸಂರಕ್ಷಣೆ' ಎಂದು ಕರೆಯುವ ಕ್ರಿಯೆಯು ಇನ್ನೊಬ್ಬರ ದೃಷ್ಟಿಯಲ್ಲಿ ಕಸಿದುಕೊಳ್ಳುವಿಕೆಯೂ ಆಗಬಹುದೆಂಬ ಅರಿವು ನನಗಾದದ್ದು ಅಂದು.

ಮಾಸ್ತರರ ಈ ಅಳುಕು ಹೊಸದೇನೂ ಅಲ್ಲ. ವೃತ್ತಿ ನಾಟಕ ಕಂಪನಿಗಳ ಕಾಲದಲ್ಲಿ ನಾಟಕದ ಹಸ್ತಪ್ರತಿಯು ಕಂಪನಿಯ ಮಾಲಿಕನ ಆಸ್ತಿಯಾಗಿತ್ತು. ನಟರ ಕೈಗೆ ಅವರವರ ಪಾತ್ರದ ಮಾತುಗಳು ಮಾತ್ರ ಸಿಗುತ್ತಿದ್ದವು. ಪ್ರೇಕ್ಷಕರಿಗೆ ಮಾರಾಟವಾಗುತ್ತಿದ್ದುದು ಹಾಡಿನ ಪುಸ್ತಕ. ಅದರಲ್ಲಿ ಕಥಾಸಾರ ಮತ್ತು ಪದ್ಯಗಳಿರುತ್ತಿದ್ದವೇ ಹೊರತು ಸಂಭಾಷಣೆ ಇರುತ್ತಿರಲಿಲ್ಲ. ಕರಾವಳಿಯ ಯಕ್ಷಗಾನದಲ್ಲಿಯೂ ಸ್ಥಿತಿ ಹೊರನೋಟಕ್ಕೆ ಇಂಥದೇ. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನವು ಅಚ್ಚುಹಾಕಿದ ಪ್ರಸಂಗಗಳು ಮೇಳಗಳನ್ನೂ ಓದುಗರನ್ನೂ ವ್ಯಾಪಕವಾಗಿ ತಲುಪಿದವು. ಆದರೆ ಅವುಗಳಲ್ಲಿ ಇರುವುದು ಪದ್ಯಗಳು. ಅರ್ಥವನ್ನು ಪಾತ್ರಧಾರಿಯು ರಂಗದಲ್ಲಿ ಆ ಹೊತ್ತಿಗೆ ಕಟ್ಟುತ್ತಾನೆ. ಕಂಪನಿಯ ಮಾಲಿಕ ಸಂಭಾಷಣೆಯನ್ನು ಬಚ್ಚಿಟ್ಟನು. ಯಕ್ಷಗಾನದಲ್ಲಿ ಬಚ್ಚಿಡಲು ಬರೆದ ಸಂಭಾಷಣೆಯೇ ಇರಲಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಎರಡನ್ನೂ 'ನಾಟಕ ಸಾಹಿತ್ಯ' ಎಂಬ ಒಂದೇ ಶೀರ್ಷಿಕೆಯ ಅಡಿಯಲ್ಲಿ ತರುವುದರಿಂದ ಪ್ರಸಂಗಪುಸ್ತಕವನ್ನು ಅಪೂರ್ಣ ನಾಟಕವೆಂದು ಓದುವ ತಪ್ಪು ನಮ್ಮ ವಿಮರ್ಶೆಯಲ್ಲಿ ಉಳಿದುಕೊಂಡಿದೆ.

ಬರಹವೇ ಮೊದಲು, ಆಟ ನಂತರ ಎಂಬ ಕ್ರಮ ಶಿಷ್ಟ ರಂಗಭೂಮಿಯಲ್ಲಿಯೂ ಎಲ್ಲ ಕಡೆ ನಿಲ್ಲುವುದಿಲ್ಲ. 1887ರ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ದಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ಹವ್ಯಕರ ಆಡುನುಡಿಯನ್ನು ಅಚ್ಚಿಗೆ ತಂದರು. ಟಿ.ಪಿ. ಕೈಲಾಸಂ ಅವರಂತೂ ನಾಟಕಗಳನ್ನು ಗೆಳೆಯರ ಮುಂದೆ ಹೇಳಿದರು. ಶಿಷ್ಯರು, ಅಭಿಮಾನಿಗಳು ಬರೆದುಕೊಂಡರು. ಬೆಂಗಳೂರಿನ ವಿದ್ಯಾವಂತ ಸಮಾಜದ ನಾಟಕಕಾರನೊಬ್ಬನ ಕೃತಿಗಳು ನಮಗೆ ದಕ್ಕಿದ ಬಗೆಯು ನೀಲಗಾರನ ಕಾವ್ಯವನ್ನು ಜಾನಪದ ಸಂಗ್ರಾಹಕ ಬರೆದುಕೊಂಡ ಬಗೆಗಿಂತ ತೀರ ಬೇರೆಯಲ್ಲ. ಬೇರೆಯಾದದ್ದು ಮುಖಪುಟ. ಅಲ್ಲಿ ಕೈಲಾಸಂ ಕರ್ತೃವಾದರು. ಇಲ್ಲಿ ಹಾಡಿದವನು 'ವಕ್ತೃ'ವಾಗಿ, ಬರೆದುಕೊಂಡವನು ಸಂಪಾದಕನಾಗಿ ಮುಖಪುಟವನ್ನು ಪಡೆದನು. ಈ ವಿಂಗಡಣೆಗೆ ಶಾಸ್ತ್ರೀಯ ಸಮರ್ಥನೆಯಿದೆ ಎಂದು ನನಗೆ ಅನ್ನಿಸುವುದಿಲ್ಲ.

ಕನ್ನಡದಲ್ಲಿ ನಾಟಕಪ್ರಕಟಣೆಗೆ ಘನತೆ ತಂದ ಸಂಸ್ಥೆಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಲೇಬೇಕು. ಮೊದಲನೆಯದು ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ. ಸ್ವತಃ 'ಜಡಭರತ' ಎಂಬ ಹೆಸರಿನ ನಾಟಕಕಾರರಾಗಿದ್ದ ಜೋಶಿಯವರು ಮತ್ತು ಅವರ ಜೊತೆಗಿದ್ದ ಕೀರ್ತಿನಾಥ ಕುರ್ತಕೋಟಿಯವರು ಗಿರೀಶ ಕಾರ್ನಾಡರ 'ಯಯಾತಿ'ಯನ್ನು 1961ರಲ್ಲಿ ಹೊರತಂದರು. ಅಜ್ಞಾತ ತರುಣನೊಬ್ಬನ ಮೊದಲ ನಾಟಕವು ರಂಗದ ಯಶಸ್ಸನ್ನು ಕಾಯದೆ ಪುಸ್ತಕವಾದದ್ದು ಆ ಕಾಲದ ದೃಷ್ಟಿಯಿಂದ ಸಾಹಸವೇ ಸರಿ. ಎರಡನೆಯದು ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ. ಹೆಗ್ಗೋಡಿನಂಥ ಹಳ್ಳಿಯಿಂದ ನಾಟಕ, ಅನುವಾದ ಹಾಗೂ ರಂಗಶಾಸ್ತ್ರದ ಪುಸ್ತಕಗಳು ದಶಕಗಳ ಕಾಲ ಬರುತ್ತಲೇ ಹೋದದ್ದಕ್ಕೆ ಹಿನ್ನೆಲೆಯಾಗಿ 1949ರ ನೀನಾಸಮ್, 1980ರ ರಂಗಶಿಕ್ಷಣ ಕೇಂದ್ರ ಮತ್ತು 1985ರ ತಿರುಗಾಟ ಇದ್ದವು. ನಾಟಕ ಆಡುವವರು, ಕಲಿಸುವವರು, ಪ್ರಕಟಿಸುವವರು ಒಂದೇ ಅಂಗಳದಲ್ಲಿದ್ದರು. ಮೊದಲ ಪ್ರಯೋಗದ ದಿನಾಂಕ, ನಿರ್ದೇಶಕ ಮತ್ತು ನಟರ ಹೆಸರುಗಳನ್ನು ಪುಸ್ತಕದಲ್ಲಿ ಅಚ್ಚುಹಾಕುವ ಪದ್ಧತಿಯೂ ಸಮಕಾಲೀನ ನಾಟಕಗಳ ಪ್ರಕಟಣೆಯಲ್ಲಿ ನೆಲೆಗೊಂಡಿದೆ. ಗ್ರಂಥಸೂಚಿಕಾರರು ಸಾಮಾನ್ಯವಾಗಿ ಬಿಟ್ಟುಬಿಡುವ ಆ ಒಂದು ಪುಟವೇ ರಂಗಚರಿತ್ರೆಗೆ ಮುಖ್ಯ ಆಕರ.

ಇವುಗಳ ಜೊತೆಯಲ್ಲಿಯೇ, ಆದರೆ ವಿದ್ವತ್ತಿನ ಗಮನಕ್ಕೆ ಬಾರದೆ, ಗದಗಿನಂಥ ಊರುಗಳಿಂದ ಸಣ್ಣಾಟ, ದೊಡ್ಡಾಟ ಮತ್ತು ಹವ್ಯಾಸಿಗಳ 'ಸಾಮಾಜಿಕ ನಾಟಕ'ಗಳು ಅಗ್ಗದ ಕಾಗದದಲ್ಲಿ ಅಚ್ಚಾಗುತ್ತ ಬಂದವು. ಜಾತ್ರೆಗಳಲ್ಲಿ ಮಾರಾಟವಾಗುವ ಈ ಪುಸ್ತಕಗಳನ್ನು ಕೊಳ್ಳುವವರು ಓದುಗರಲ್ಲ, ಆಡುವವರು. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕರು ಕೋಲ್ಕತ್ತ, ಚೆನ್ನೈ, ಮುಂಬಯಿ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೆ ತಮ್ಮ ಪುಸ್ತಕಗಳನ್ನು ಕಳುಹಿಸತಕ್ಕದ್ದು. ಜಾತ್ರೆಯ ಪುಸ್ತಕವು ಆ ದಾರಿ ಹಿಡಿಯುವುದು ಅಪರೂಪ. ಹಳ್ಳಿಯ ಮಾಸ್ತರನ ಟ್ರಂಕಿನಲ್ಲಿ ಅದು ಸಿಗುತ್ತದೆ, ಅದೂ ಮುಖಪುಟ ಹರಿದು.

'ಸಂಗ್ಯಾ ಬಾಳ್ಯಾ'ದ ಉದಾಹರಣೆ ಇಲ್ಲಿ ಬೋಧಕವಾಗಿದೆ. ಬೈಲಹೊಂಗಲದಲ್ಲಿ ನಡೆದುದೆಂದು ಹೇಳಲಾಗುವ ಕೊಲೆಯ ಪ್ರಕರಣವೊಂದನ್ನು ಆಧರಿಸಿದ ಈ ಸಣ್ಣಾಟದ ಕರ್ತೃವೆಂದು ಪತ್ತಾರ ಮಾಸ್ತರರನ್ನು ಹೇಳುತ್ತಾರೆ. ಊರಿಂದೂರಿಗೆ ಪದಗಳು ಬದಲಾಗುತ್ತ, ಮಾತುಗಳು ಹೊಸದಾಗುತ್ತ ಬಂದ ಈ ಆಟವನ್ನು ಚಂದ್ರಶೇಖರ ಕಂಬಾರರು ಸಂಪಾದಿಸಿ ಪ್ರಕಟಿಸಿದ ಮೇಲೆ ಅದು ವಿಶ್ವವಿದ್ಯಾನಿಲಯಗಳ ಓದಿಗೂ ನಗರದ ಹವ್ಯಾಸಿ ತಂಡಗಳ ಪ್ರಯೋಗಕ್ಕೂ ಒದಗಿತು. ಲಾಭ ನಿಸ್ಸಂದೇಹ. ಆದರೆ ಅಚ್ಚಾದ ಪಾಠವು ಕ್ರಮೇಣ ಪ್ರಮಾಣಪಾಠವೆಂಬಂತೆ ಬಳಕೆಗೆ ಬಂದಿತು. ಬೇರೆ ಪಾಠಗಳು ಅದರ 'ಭೇದ'ಗಳಾದವು. ಸಂಪಾದಕರ ಉದ್ದೇಶ ಇದಲ್ಲದಿದ್ದರೂ ಮುದ್ರಣದ ಸ್ವಭಾವ ಅಂಥದು.

ಅದೇ ಕಂಬಾರರು 'ಜೋಕುಮಾರಸ್ವಾಮಿ'ಯಲ್ಲಿ ಬೇರೊಂದು ದಾರಿ ಹಿಡಿದರು. ಭಾದ್ರಪದದಲ್ಲಿ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹಾಡಿಕೊಂಡು ಹೋಗುವ ಹೆಂಗಸರ ಆಚರಣೆ, ಏಳು ದಿನಗಳ ಬಾಳು ಮುಗಿಸಿ ಸಾಯುವ ಆ ಫಲದೇವತೆಯ ಕಲ್ಪನೆ ಇವು ಅಲ್ಲಿ ಭೂಮಿಯ ಒಡೆತನದ ಪ್ರಶ್ನೆಯಾಗಿ ಮಾರ್ಪಟ್ಟವು. ಉಳುವವನದೋ ಗೌಡನದೋ ಎಂಬ ಆ ನಾಟಕದ ಪ್ರಶ್ನೆಯನ್ನು ಹಾಡು, ಕಥೆಗಳಿಗೂ ಕೇಳಬಹುದು. 1972ರಲ್ಲಿ ಬೆಂಗಳೂರಿನ ಬಯಲು ರಂಗಮಂದಿರದಲ್ಲಿ ಬಿ.ವಿ. ಕಾರಂತರು ಲಂಕೇಶರ 'ಸಂಕ್ರಾಂತಿ' ಮತ್ತು 'ಈಡಿಪಸ್'ಗಳೊಡನೆ ಈ ನಾಟಕವನ್ನು ಆಡಿಸಿದಾಗ ಬೆಳಗಾವಿ ಸೀಮೆಯ ಮಾತು ರಾಜಧಾನಿಯ ಪ್ರೇಕ್ಷಕರ ಕಿವಿಗೆ ಬಿದ್ದಿತು. ಅಚ್ಚಿನಲ್ಲಿಯೂ ಆ ಮಾತು ಶಿಷ್ಟರೂಪಕ್ಕೆ ತಿದ್ದಲ್ಪಡದೆ ಉಳಿದದ್ದು ಮುಖ್ಯ. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನೀಲಗಾರರ ಪರಂಪರೆಯನ್ನು ಹೀಗೆಯೇ ಹತ್ತಿರದಿಂದ ಬಳಸಿಕೊಂಡಿತು. ಕುವೆಂಪು ಅವರ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರು ರಂಗರೂಪಕ್ಕೆ ತಂದು, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣವು ಇರುಳಿಡೀ ಆಡಿದ 'ಮಲೆಗಳಲ್ಲಿ ಮದುಮಗಳು' ಅಲೆಮಾರಿ ಕಥನಕಾರರ ಬಾಯಲ್ಲಿ ಕಥೆಯನ್ನು ಇರಿಸಿತು. ಬರಹದಿಂದ ಬಾಯಿಗೆ ಮರಳಿದ ಅಪೂರ್ವ ನಿದರ್ಶನ ಇದು.

ಕಾರ್ನಾಡರ 'ನಾಗಮಂಡಲ' (1988) ಈ ಚರ್ಚೆಗೆ ತೀರ ಹತ್ತಿರದ ಕೃತಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು ತಮ್ಮ ನಾಟಕಕ್ಕೆ ಮೂಲವೆಂದು ನಾಟಕಕಾರರೇ ಋಣಸ್ಮರಣೆ ಮಾಡಿದ್ದಾರೆ. ಅವುಗಳಲ್ಲೊಂದು, ಕಥೆಯನ್ನೂ ಹಾಡನ್ನೂ ಬಲ್ಲ ಹೆಂಗಸೊಬ್ಬಳು ಅವನ್ನು ಯಾರಿಗೂ ಹೇಳದೆ ತನ್ನೊಳಗೇ ಇಟ್ಟುಕೊಂಡಾಗ ಅವು ಹೊರಬಂದು ಸೇಡು ತೀರಿಸಿಕೊಳ್ಳುವ ಕಥೆ. ಹೇಳದಿರುವುದು ಅಪರಾಧವೆನ್ನುವ ಈ ಲೋಕದೃಷ್ಟಿಯಲ್ಲಿ ಕಥೆಗೆ ಒಡೆಯರಿಲ್ಲ, ದಾಟಿಸುವವರು ಮಾತ್ರ ಇದ್ದಾರೆ. ನಾಟಕದ ಅಂತ್ಯವನ್ನು ಕೇಳುಗರಾದ ದೀಪಗಳು ಒಪ್ಪದೆ ಬೇರೊಂದು ಅಂತ್ಯವನ್ನು ಬಯಸುವ ತಂತ್ರವು ಪಾಠಾಂತರವೆಂಬ ಜನಪದ ಗುಣವನ್ನು ಅಚ್ಚಿನ ಒಳಗೇ ಉಳಿಸಿಕೊಂಡ ಜಾಣ್ಮೆ. ಆದರೆ ಆ ಕಥೆಗಳನ್ನು ಮೊದಲು ಹೇಳಿದ ಹೆಂಗಸರು ಯಾರು? ಮುಖಪುಟದಿಂದ ಹಿಂದಕ್ಕೆ ನಡೆದರೆ ಕಾರ್ನಾಡ, ಅವರ ಹಿಂದೆ ರಾಮಾನುಜನ್. ಅಲ್ಲಿಂದಾಚೆಗೆ ನಾಟಕದ ಓದುಗನಿಗೆ ದಾರಿ ಕಾಣುವುದಿಲ್ಲ.

ಚಿತ್ರಕಥೆಗಳ ವಿಷಯದಲ್ಲಿ ಹೇಳಬೇಕಾದದ್ದು ಅಲ್ಪ. ಟಿ.ಎಸ್. ನಾಗಾಭರಣರು 1997ರಲ್ಲಿ 'ನಾಗಮಂಡಲ'ವನ್ನು ತೆರೆಗೆ ತಂದರು. ಕಂಬಾರರು 'ಕಾಡುಕುದುರೆ'ಯನ್ನು ತಾವೇ ನಿರ್ದೇಶಿಸಿದರು. ನಾಟಕಕ್ಕೆ ದೊರೆತಂಥ ಪ್ರಕಟಣೆಯ ಪರಂಪರೆ ಕನ್ನಡ ಚಿತ್ರಕಥೆಗೆ ಬೆಳೆಯಲಿಲ್ಲ. ಟೆಂಟುಗಳಲ್ಲಿ ಮಾರುತ್ತಿದ್ದ ಪದ್ಯಾವಳಿಗಳೇ ಚಲನಚಿತ್ರದ ಜನಪ್ರಿಯ ಮುದ್ರಿತ ಸಾಹಿತ್ಯವಾಗಿದ್ದವು.

ಒಡೆತನದ ಪ್ರಶ್ನೆ ನ್ಯಾಯಾಲಯಕ್ಕೆ ಹೋದಾಗ ಏನಾಗುತ್ತದೆಂಬುದಕ್ಕೆ ಯಕ್ಷಗಾನದಿಂದಲೇ ನಿದರ್ಶನವಿದೆ. ಶಿವರಾಮ ಕಾರಂತರು ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಾತನ್ನು ಕೈಬಿಟ್ಟು, ಪಿಟೀಲು ಮತ್ತು ಸ್ಯಾಕ್ಸೊಫೋನ್ ಬಳಸಿ, ವೇಷಭೂಷಣವನ್ನು ಮರುರೂಪಿಸಿ 'ಬ್ಯಾಲೆ'ಯನ್ನು ಕಟ್ಟಿದರು. 1997ರಲ್ಲಿ ಅವರು ನಿಧನರಾದ ಬಳಿಕ, 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿಸಿದಾಗ ಉಯಿಲಿನ ಮೂಲಕ ಹಕ್ಕು ಪಡೆದವರು ದಾವೆ ಹೂಡಿದರು. ಜಿಲ್ಲಾ ನ್ಯಾಯಾಲಯ, ಉಚ್ಚ ನ್ಯಾಯಾಲಯಗಳನ್ನು ದಾಟಿ ಬಂದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಜನವರಿ 23ರಂದು ತೀರ್ಪು ನೀಡಿತು. ಬ್ಯಾಲೆಯು ಸಾಹಿತ್ಯಕೃತಿಯಿಂದ ಭಿನ್ನವಾದ ನಾಟಕೀಯ ಕೃತಿಯೆಂದೂ ಅದರ ಹಕ್ಕು ಉಯಿಲಿನಂತೆ ವರ್ಗಾವಣೆಯಾಗಿದೆಯೆಂದೂ ಒಪ್ಪಿಕೊಂಡಿತು. ಜೊತೆಗೆ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮಿನ ವಿನಾಯಿತಿಗಳಿಗೆ ತಡೆಯಾಜ್ಞೆ ಅಡ್ಡಿಯಾಗಬಾರದೆಂದು ಸ್ಪಷ್ಟಪಡಿಸಿತು. ಹಣ ಪಡೆಯದೆ ಸಭಿಕರ ಮುಂದೆ ಹವ್ಯಾಸಿ ಸಂಘವು ಆಡುವ ಪ್ರದರ್ಶನ ಅಂಥ ವಿನಾಯಿತಿಗಳಲ್ಲೊಂದು.

ಕಾನೂನಿನ ದೃಷ್ಟಿಯಿಂದ ಈ ತೀರ್ಪು ಸುಸಂಗತವೇ ಆಗಿದೆ. 1957ರ ಕಾಯಿದೆಯು ನಾಟಕೀಯ ಕೃತಿಯನ್ನು ವಿವರಿಸುವಾಗ ಅಭಿನಯದ ವಿನ್ಯಾಸವು ಬರಹದಲ್ಲಿಯೋ ಇನ್ನಾವುದೋ ರೀತಿಯಲ್ಲಿಯೋ ಸ್ಥಿರಗೊಂಡಿರಬೇಕೆಂದು ಹೇಳುತ್ತದೆ. ಕಾರಂತರು ಮಾಡಿದ ಮಾರ್ಪಾಟು ಹಾಗೆ ಸ್ಥಿರಗೊಂಡಿತ್ತು. ಆದರೆ ಅವರ ಪ್ರಯೋಗಕ್ಕೆ ತಮ್ಮ ಹೆಜ್ಜೆ, ತಾಳ, ಹಾಡುಗಾರಿಕೆಗಳನ್ನು ತಂದ ಕಲಾವಿದರಲ್ಲಿ ಇದ್ದದ್ದು ತಲೆಮಾರುಗಳಿಂದ ಬಂದ, ಸ್ಥಿರಗೊಳ್ಳದ ವಿದ್ಯೆ. ಬದಲಾಯಿಸಿದವನಿಗೆ ಹಕ್ಕು ಸಿಗುತ್ತದೆ, ಉಳಿಸಿಕೊಂಡು ಬಂದವನಿಗೆ ಸಿಗುವುದಿಲ್ಲ. 1994ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಕಾಯಿದೆಯೊಳಗೆ ಬಂದಿದೆ. ನಟ, ಗಾಯಕರ ಜೊತೆಗೆ ಹಾವಾಡಿಗನ ಹೆಸರೂ ಅಲ್ಲಿದೆ. ಆದರೆ ಅದು ಆತ ಅಂದು ಮಾಡಿದ ಪ್ರದರ್ಶನಕ್ಕೆ ಸಂಬಂಧಿಸಿದ ಹಕ್ಕು, ಆತನ ಪರಂಪರೆಗೆ ಸಂಬಂಧಿಸಿದುದಲ್ಲ.

ಈ ಹಿನ್ನೆಲೆಯಲ್ಲಿ ಜನಪದ ಮೂಲದ ನಾಟಕಗಳನ್ನು ಪ್ರಕಟಿಸುವವರಿಗೂ ಸೂಚೀಕರಿಸುವವರಿಗೂ ಕೆಲವು ಹೊಣೆಗಳಿವೆ. ಯಾವ ಊರಿನ, ಯಾವ ಮೇಳದ, ಯಾವ ವರ್ಷದ ಪಾಠ ಎಂಬುದು ಶೀರ್ಷಿಕೆಪುಟದಲ್ಲಿಯೇ ಬರಬೇಕು, ಅನುಬಂಧದಲ್ಲಿ ಅಲ್ಲ. ಹಾಡಿದವರ, ಆಡಿದವರ ಹೆಸರು ಗ್ರಂಥಾಲಯದ ಸೂಚಿಯಲ್ಲಿ ಕರ್ತೃವಿನ ಜೊತೆಯ ನಮೂದಾಗಬೇಕು. 'ಜಾನಪದ' ಎಂಬ ಒಂದು ಪದದ ಹಿಂದೆ ಅವರು ಮರೆಯಾಗಬಾರದು. ಸಂಪಾದಕರಿಗೆ ಸಂದ ಗೌರವಧನದಲ್ಲಿ ಮೇಳಕ್ಕೂ ಪಾಲಿರಬೇಕೆಂಬ ನನ್ನ ಸಲಹೆಗೆ ವಿಚಾರಸಂಕಿರಣವೊಂದರಲ್ಲಿ ಸಭೆಯಲ್ಲಿ ನಗೆ ಎದ್ದಿತ್ತು. ಸಲಹೆಯನ್ನು ನಾನು ಹಿಂದೆಗೆದುಕೊಂಡಿಲ್ಲ.

ಬೆಳಗಾವಿ ಸೀಮೆಯ ಆ ಮಾಸ್ತರರು ಕೊನೆಗೆ ಪದಗಳನ್ನು ಮಾತ್ರ ಬರೆದುಕೊಳ್ಳಲು ಒಪ್ಪಿದರು. ಮಾತಿನ ಪುಟಗಳು ಬಂದಾಗ ನೋಟ್‌ಬುಕ್ಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ತಾವೇ ಆಡಿ ತೋರಿಸಿದರು. ನನ್ನ ಮಹಾಪ್ರಬಂಧದ ಅನುಬಂಧದಲ್ಲಿ ಆ ಆಟದ ಪದಗಳು ಅವರ ಹೆಸರಿನೊಡನೆ ಇವೆ. ಮಾತುಗಳಿದ್ದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.