ಚೆಂಡು ಉರುಳಿಸುವ ಕಲಿಕೆ ಮತ್ತು ಸಮತಟ್ಟಾದ ಅಂಗಳ

ಚೆಂಡನ್ನು ಎಸೆಯುವ, ಹಿಡಿಯುವ ಮೊದಲು ಮಗು ಅದನ್ನು ಉರುಳಿಸಲು ಕಲಿಯಬೇಕು. ಉರುಳುವ ಚೆಂಡು ನೆಲ ಬಿಡದೆ ನಿಧಾನವಾಗಿ ಬರುವುದರಿಂದ ಮಗು ಹೆದರದೆ ಅದರ ಮೇಲೆ ಕಣ್ಣಿಡುತ್ತದೆ.

ಅಂಗನವಾಡಿಯ 3ರಿಂದ 6 ವರ್ಷದ ಮಕ್ಕಳನ್ನು ಮೊದಲು ಕಾಲು ಚಾಚಿ ಎದುರುಬದುರು ಕೂರಿಸಿ, ಎರಡೂ ಕೈಗಳಿಂದ ಉರುಳಿಸಲು ಕಲಿಸಬೇಕು. ಅನಂತರ ನಿಂತು ಉರುಳಿಸುವ ಕ್ರಮ: ನೋಟ ಗುರಿಯತ್ತ, ಬಲಗೈಯಲ್ಲಿ ಚೆಂಡಿದ್ದರೆ ಎಡಗಾಲು ಮುಂದೆ, ಮೊಣಕಾಲು ಬಾಗಿಸಿ ನೆಲದ ಸಮೀಪ ಚೆಂಡು ಬಿಡುವುದು. ಚೆಂಡು ಪುಟಿದರೆ ಎತ್ತರದಿಂದ ಬಿಟ್ಟಂತಾಯಿತು. ಬಟ್ಟೆಯ ಚೆಂಡೂ ಸಾಕು.

ಆದರೆ ನೆಲ ಸಮವಾಗಿರಬೇಕು. ದೂಧಗಂಗಾ ತೀರದ ಸದಲಗಾ ಸುತ್ತಲಿನ ಎರೆಭೂಮಿ ಮಳೆಗಾಲದಲ್ಲಿ ಕೆಸರಾಗಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ಚೆಂಡು ನೇರವಾಗಿ ಸಾಗದು. ನೆಲದ ದೋಷ ಮಗುವಿನ ದೋಷವೆನಿಸುತ್ತದೆ. ಪದೇ ಪದೇ ಗುರಿ ತಪ್ಪಿದ ಮಗು ಆಟದಿಂದಲೇ ಹಿಂದೆ ಸರಿಯಬಹುದು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಗೆ ಆಟದ ಮೈದಾನ, ಪ್ರತಿ ತರಗತಿಗೆ ಅಗತ್ಯ ಆಟದ ಸಾಮಗ್ರಿ ಇರಬೇಕೆಂದು ವಿಧಿಸಿದೆ. ಸದಸ್ಯರು ತಮ್ಮ ಊರಿನ ಶಾಲೆ, ಅಂಗನವಾಡಿಗಳ ಅಂಗಳವನ್ನು ಖುದ್ದಾಗಿ ಪರಿಶೀಲಿಸಿ, ನುಣುಪಾದ ಗರಸು ಹಾಸಿ ಸಮಗೊಳಿಸಲು ಹಾಗೂ ಕಬ್ಬಿನ ಹಂಗಾಮಿನಲ್ಲಿ ಅಲ್ಲಿ ಟ್ರ್ಯಾಕ್ಟರುಗಳು ನಿಲ್ಲದಂತೆ ನೋಡಿಕೊಳ್ಳಲು ಕ್ರಮ ವಹಿಸುವುದು ಅಗತ್ಯ.