ವಾಡೆಯ ಗಾಯನ ಅಂಗಡಿ ಕಟ್ಟೆಗೆ ಬಂತು, ಈಗ ಎತ್ತ ಹೊಂಟೈತಿ?

ಕುಂದಗೋಳದ ನಾಡಿಗೇರ ವಾಡೆಯೊಳಗೆ ಗವಾಯಿಗಳು ಹಾಡಿದರೆ ಹಿಂದೆ ಅದು ಯಾರಿಗೆ ಕೇಳುತ್ತಿತ್ತು? ವಾಡೆಯೊಳಗೆ ಜಮಖಾನೆಯ ಮೇಲೆ ಕುಂತ ನಾಲ್ಕು ಮಂದಿಗೆ. ಹೊರಗೆ ನಿಂತು ಕಿವಿಗೊಟ್ಟವರಿಗೆ ಅರ್ಧಮರ್ಧ. ಅಣ್ಣಿಗೇರಿಯ ಕಿರಾಣಿ ಅಂಗಡಿಯವನಿಗೆ, ಕಲಘಟಗಿಯ ಹಮಾಲನಿಗೆ, ನವಲಗುಂದದ ಎರೆ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಅದರ ಗಂಧವೂ ಇರಲಿಲ್ಲ.

ಆ ವಾಡೆ ಸಾಮಾನ್ಯದ್ದಲ್ಲ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಹೋಗುತ್ತ ಬರುತ್ತ ಕುಂದಗೋಳದಲ್ಲಿ ಇಳಿಯುತ್ತಿದ್ದರು. ಅವರ ಶಿಷ್ಯನಾದ ಹುಡುಗ ರಾಮಭಾವು ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲೇ ಇದ್ದು ಕಲಿತರು. ಆದರೆ ಕಲಿತ ವಿದ್ಯೆಯನ್ನು ಬಾನುಲಿಯಲ್ಲಿ ಹಾಡಬೇಕೆಂದರೆ ದೂರದ ಪಟ್ಟಣವೇ ಗತಿ. ಭೀಮಸೇನರು 1943ರಲ್ಲಿ ಮುಂಬಯಿಗೆ ಹೋಗಿ ರೇಡಿಯೋ ಕಲಾವಿದರಾದರು.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ದೇಶ ಗಣರಾಜ್ಯವಾಗಲು ಇನ್ನೂ 18 ದಿನ ಇತ್ತು. ಕರ್ನಾಟಕ ಒಂದಾಗಲು ಆರು ವರ್ಷಕ್ಕೂ ಮಿಕ್ಕಿ ಇತ್ತು. ಧಾರವಾಡ ಆಗ ಮುಂಬಯಿ ಸರಕಾರದ ಕೆಳಗಿತ್ತು. ರಾಜ್ಯ ಒಂದಾಗುವ ಮೊದಲೇ ಈ ಸೀಮೆಯ ಮಂದಿಯ ಕಿವಿ ಒಂದಾಯಿತು ಅಂದರೆ ತಪ್ಪಾಗಲಿಕ್ಕಿಲ್ಲ.

ಕೇಂದ್ರದೊಳಗೆ ಇದ್ದವರು ಯಾರ್ಯಾರು ನೋಡ್ರಿ! ಸೊಲ್ಲಾಪುರದ ಕಾಲೇಜಿನಿಂದ 1956ರಲ್ಲಿ ನಿವೃತ್ತರಾಗಿ ಬಂದ ವರಕವಿ ಬೇಂದ್ರೆಯವರು ಸಲಹೆಗಾರರು. ಸಂಗೀತಕ್ಕೆ ಮಲ್ಲಿಕಾರ್ಜುನ ಮನಸೂರರು ಸಲಹೆಗಾರರು. ನಾಟಕಕ್ಕೆ ಎನ್ಕೆ ಕುಲಕರ್ಣಿಯವರು. ಇಂಥವರು ಕುಂತು ಆರಿಸಿದ್ದನ್ನು ಊರೂರಿನ ಮಂದಿ ಒಂದು ಪೈಸೆ ತಿಕೀಟಿಲ್ಲದೆ ಕೇಳಿದರು. ರೇಡಿಯೋ ಇಟ್ಟವನು ಪೋಸ್ಟಾಫೀಸಿನಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಫೀ ಕಟ್ಟಬೇಕಿತ್ತು, ಖರೆ. ಆದರೆ ಅಂಗಡಿ ಕಟ್ಟೆಯ ಮೇಲೆ ಕುಂತು ಕೇಳುವವನಿಗೆ ಯಾವ ಲೈಸೆನ್ಸು?

ಶಾಸ್ತ್ರೀಯ ಸಂಗೀತ ಎಲ್ಲರಿಗೂ ಸೇರುತ್ತಿತ್ತೇ? ಸುಳ್ಳು ಹೇಳಬಾರದು. "ಏ, ಆ ಆ ಅನ್ನೋದು ಸಾಕು, ಸ್ಟೇಷನ್ ತಿರುವಪಾ" ಅನ್ನುವವರು ಆಗಲೂ ಇದ್ದರು. ಕೇಸ್ಕರ್ ಅವರು ಕೇಂದ್ರದಲ್ಲಿ ವಾರ್ತಾ ಮಂತ್ರಿಯಾಗಿದ್ದಾಗ, 1952ರ ಸುಮಾರಿಗೆ, ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾದವು. ಮಂದಿ ಸುಮ್ಮನಿರಲಿಲ್ಲ, ರೇಡಿಯೋ ಸಿಲೋನ್ ಹಚ್ಚಿದರು. ಕಡೆಗೆ 1957ರಲ್ಲಿ ವಿವಿಧ ಭಾರತಿ ಬಂತು. ಒತ್ತಾಯದಿಂದ ಕಿವಿ ತಿದ್ದಲು ಬರುವುದಿಲ್ಲ ಎಂಬ ಪಾಠ ದಿಲ್ಲಿಗೂ ಆಯಿತು.

ಆದರೆ ಧಾರವಾಡದಲ್ಲಿ ಒಂದು ಜಾಣತನ ಇತ್ತು. ರಾಗವೊಂದನ್ನೇ ಹಿಡಿದು ಕೂಡಲಿಲ್ಲ. ಬಸವಣ್ಣ, ಅಕ್ಕಮಹಾದೇವಿಯರ ವಚನ ಮನಸೂರರ ಕಂಠದಲ್ಲಿ, ಯಲಿವಾಳದ ಬಸವರಾಜ ರಾಜಗುರುಗಳ ಕಂಠದಲ್ಲಿ ಬಂದವು. ದಾಸರ ಪದ, ಶಿಶುನಾಳ ಶರೀಫಜ್ಜನ ತತ್ವಪದ, ಭಾವಗೀತೆ, ಹಳ್ಳಿಯ ಹಾಡು ಎಲ್ಲ ಬಂದವು. ಮಾತು ತಿಳಿಯುತ್ತದೆ, ರಾಗ ತಾನಾಗಿ ಹೊಕ್ಕುತ್ತದೆ. ಭೈರವಿಯ ಹೆಸರು ಗೊತ್ತಿಲ್ಲದವನೂ ಅದೇ ಧಾಟಿಯಲ್ಲಿ ವಚನ ಗುನುಗುತ್ತಾನೆ. ಇನ್ನು ಬೆಳಗಿನ ರಾಗ ಬೆಳಗಿಗೆ, ರಾತ್ರಿಯ ರಾಗ ರಾತ್ರಿಗೆ. ತೋಡಿ ಬಂದರೆ ಅಂಗಡಿ ಬಾಗಿಲು ತೆಗೆಯುವ ಹೊತ್ತು, ಮಾಲಕಂಸ ಬಂದರೆ ಹಾಕುವ ಹೊತ್ತು!

ಹಾಡುವವರಿಗೂ ಲಾಭವಿತ್ತು. ಹಳ್ಳಿಯ ಹುಡುಗ ಧ್ವನಿ ಪರೀಕ್ಷೆಗೆ ಕುಂತು ಪಾಸಾದರೆ ಗ್ರೇಡು, ಗ್ರೇಡಿಗೆ ತಕ್ಕ ಸಂಭಾವನೆ. ಸಾಹುಕಾರನ ಮರ್ಜಿ ಕಾಯುವುದು ಬೇಕಿರಲಿಲ್ಲ.

ಈಗಿನ ಮಾತಿಗೆ ಬರೋಣ. ಧಾರವಾಡ ಕೇಂದ್ರ ಮೀಡಿಯಂ ವೇವ್‌ನ 765 ಕಿಲೋಹರ್ಟ್ಸ್‌ನಲ್ಲಿ ಹೆಸರಾದದ್ದು. ಈ ಅಲೆ ನೆಲ ಹಿಡಿದು ಬಹುದೂರ ಹೋಗುತ್ತದೆ. ಆದರೆ ಅದನ್ನು ಹಿಡಿಯುವ ಟ್ರಾನ್ಸಿಸ್ಟರ್ ಎಷ್ಟು ಮನೆಯಲ್ಲಿ ಉಳಿದಿದೆ? ಕಿಸೆಯ ಮೊಬೈಲಿಗೆ ಮೀಡಿಯಂ ವೇವ್ ಹಿಡಿಯುವುದಿಲ್ಲ. ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕೇಳಬಹುದು, ನಿಜ. ಆದರೆ ಆ್ಯಪ್ ಇದೆ ಎಂದು ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ಇನ್ನೊಂದು ಚಿಂತೆ ಹಳೆಯ ಟೇಪುಗಳದ್ದು. ಟೇಪು ತುಟ್ಟಿ ಎಂದು ಹಳೆಯದನ್ನು ಅಳಿಸಿ ಹೊಸದನ್ನು ತುಂಬಿದ್ದು ಜಗತ್ತಿನ ದೊಡ್ಡ ದೊಡ್ಡ ಬಾನುಲಿಗಳಲ್ಲೂ ನಡೆದ ಮಾತು. ಲಂಡನ್ನಿನ ಬಿಬಿಸಿಯೂ ಹಾಗೆ ಕಳೆದುಕೊಂಡದ್ದಿದೆ. ಉಳಿದ ಟೇಪೂ ಅಮರವಲ್ಲ. ಸೆಕೆ, ತೇವ, ಬೂಸಲು ತಿನ್ನುತ್ತವೆ. ಬೇಂದ್ರೆ 1981ರಲ್ಲಿ ಹೋದರು, ಮನಸೂರರು 1992ರಲ್ಲಿ, ಗಂಗೂಬಾಯಿಯವರು 2009ರಲ್ಲಿ, ಭೀಮಸೇನರು 2011ರಲ್ಲಿ. ಅವರನ್ನು ಮತ್ತೆ ಕರೆದು ಹಾಡಿಸಲು ಬರುವುದಿಲ್ಲ. ಇದ್ದ ಧ್ವನಿ ಇದ್ದಷ್ಟೇ.

ಮಾಡುವುದು ದೊಡ್ಡ ಕೆಲಸವೇನಲ್ಲ. ಹಳೆಯ ಮುದ್ರಿಕೆಗಳನ್ನು ಹಾಡಿದವರ ಹೆಸರು, ರಾಗ, ವರ್ಷದ ಸಮೇತ ಬೇಕೆಂದಾಗ ಕೇಳುವಂತೆ ಒದಗಿಸಲಿ. ದಿನದ ಸಂಗೀತ, ಕಾವ್ಯ ಕಾರ್ಯಕ್ರಮದ ವೇಳಾಪಟ್ಟಿಯನ್ನು ತಾಲೂಕು ಬಸ್ ನಿಲ್ದಾಣಗಳಲ್ಲಿ ಹಚ್ಚಲಿ. ಪಂಪನ ಊರೆಂದು ಹೆಮ್ಮೆಪಡುವ ಅಣ್ಣಿಗೇರಿಯ ಶಾಲೆಗಳಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕೇಳಿಸಲಿ.

ಸವಾಯಿ ಗಂಧರ್ವರ ಪುಣ್ಯತಿಥಿಯ ನೆಪದಲ್ಲಿ ಕುಂದಗೋಳದಲ್ಲಿ ಅಹೋರಾತ್ರಿ ಗಾಯನ ನಡೆದುಕೊಂಡು ಬಂದಿದೆ. ಅದು ಒಂದೆರಡು ರಾತ್ರಿಯ ಮಾತು. ಉಳಿದ ದಿನಗಳಿಗೆ ರೇಡಿಯೋನೇ ಬೇಕು. ವಾಡೆಯಿಂದ ಹೊರಬಿದ್ದ ಗಾಯನ ಕಪಾಟಿನೊಳಗೆ ಸೇರಿ ಕೀಲಿ ಬೀಳಬಾರದು. ಸಂಬಂಧಪಟ್ಟವರು ಇತ್ತ ಕಿವಿಗೊಡುವರೇ?